ಕಳೆಗುಂದಿದ ಮುಖ, ಕೌಂಟರಿನ ಟ್ಯೂಬು

"ಯಾಕಮ್ಮಾ, ಹುಷಾರಿಲ್ವಾ? ಮುಖದಲ್ಲಿ ಕಳೆನೇ ಇಲ್ಲ!" ಮದುವೆಮನೆಯ ಊಟದ ಪಂಕ್ತಿಯಲ್ಲಿ, ಆಫೀಸಿನ ಲಿಫ್ಟಿನಲ್ಲಿ, ವರ್ಷಕ್ಕೊಮ್ಮೆ ಸಿಗುವ ಸೋದರತ್ತೆಯ ಬಾಯಲ್ಲಿ ಈ ಮಾತು ಕೇಳದವರು ಕಡಿಮೆ. ಕೇಳಿಸಿಕೊಂಡವರು ಆವತ್ತು ರಾತ್ರಿ ಕನ್ನಡಿ ಮುಂದೆ ನಿಲ್ಲುತ್ತಾರೆ, ಮರುದಿನ ಮೆಡಿಕಲ್ ಶಾಪಿನ ಮುಂದೆ. "ಮುಖಕ್ಕೆ ಏನಾದ್ರೂ ಕೊಡಿ" ಅನ್ನುವಷ್ಟರಲ್ಲಿ ಅಂಗಡಿಯವನು ಒಂದು ಪುಟ್ಟ ಟ್ಯೂಬ್ ಎತ್ತಿಟ್ಟಿರುತ್ತಾನೆ. ಕೆಲಸ ಕೆಡುವುದು ಅಲ್ಲಿಂದ. ಆ ಟ್ಯೂಬಿನ ವಿಷಯಕ್ಕೆ ಆಮೇಲೆ ಬರುತ್ತೇನೆ. ಮೊದಲು, ಕಳೆ ಹೋಯಿತು ಅಂದರೆ ಚರ್ಮಕ್ಕೆ ಏನಾಗಿರುತ್ತದೆ ಅನ್ನುವುದನ್ನು ನೋಡೋಣ.

ಕಳೆಗೂ ಬಣ್ಣಕ್ಕೂ ನಂಟು ಬಹಳ ಕಡಿಮೆ. ಹಳೇ ಮನೆಗಳ ರೆಡ್ ಆಕ್ಸೈಡ್ ನೆಲವನ್ನು ನೆನಪಿಸಿಕೊಳ್ಳಿ. ಬಣ್ಣ ಕಡುಗೆಂಪು, ಆದರೂ ಕಿಟಕಿಯ ಸರಳುಗಳು ಅದರಲ್ಲಿ ಮೂಡುವಷ್ಟು ಹೊಳಪು. ಅದೇ ಮನೆಯ ಸುಣ್ಣ ಬಳಿದ ಒರಟು ಗೋಡೆ ಎಷ್ಟೇ ಬೆಳ್ಳಗಿದ್ದರೂ ಮಂಕು. ನುಣುಪಾದ ಮೇಲ್ಮೈ ಬೆಳಕನ್ನು ಒಟ್ಟಾಗಿ ಮರಳಿಸುತ್ತದೆ, ಒರಟಾದದ್ದು ಚೆಲ್ಲಾಪಿಲ್ಲಿ ಮಾಡುತ್ತದೆ. ಮುಖದ ವಿಷಯದಲ್ಲೂ ಅಷ್ಟೇ. ಎಣ್ಣೆಗಪ್ಪಿನ ಮುಖ ಫಳಫಳಿಸುವುದೂ, ಹಾಲುಬಣ್ಣದ ಮುಖ ಬಾಡಿದಂತೆ ಕಾಣುವುದೂ ಇದೇ ಕಾರಣಕ್ಕೆ.

ನಮ್ಮ ಚರ್ಮದ ತೀರಾ ಮೇಲಿನ ಪದರ ಜೀವಂತವಲ್ಲ. ಸತ್ತು ಚಪ್ಪಟೆಯಾದ ಕೋಶಗಳು ಅಲ್ಲಿ ಸುಮಾರು 15–20 ಸಾಲುಗಳಲ್ಲಿ ಒಂದರ ಮೇಲೊಂದು ಕೂತಿರುತ್ತವೆ. ಎಲ್ಲ ಸೇರಿದರೂ ದಪ್ಪ ಒಂದು ಮಿಲಿಮೀಟರಿನ ಐವತ್ತರಲ್ಲೊಂದು ಪಾಲಿನಷ್ಟೇ. ಅಡಿಯಲ್ಲಿ ಹೊಸ ಕೋಶ ಹುಟ್ಟಿ, ಮೇಲೆ ಬಂದು, ಸತ್ತು, ಉದುರಿಹೋಗಲು ಹರೆಯದವರಲ್ಲಿ ಹೆಚ್ಚುಕಡಿಮೆ 28 ದಿನ ಬೇಕು. ವಯಸ್ಸಾದಂತೆ ಈ ಅವಧಿ ಒಂದೂವರೆ ತಿಂಗಳು ದಾಟುವುದೂ ಉಂಟು. ಉದುರುವ ಕೆಲಸ ತಾನೇ ತಾನಾಗಿ ನಡೆಯುವಂಥದ್ದಲ್ಲ. ಕೋಶಗಳನ್ನು ಹಿಡಿದಿಟ್ಟ ಕೊಂಡಿಗಳನ್ನು ಕತ್ತರಿಸುವ ಕಿಣ್ವಗಳು ಆ ಪದರದಲ್ಲೇ ಇವೆ. ಈ ಕಿಣ್ವಗಳು ಕೆಲಸ ಮಾಡಬೇಕಾದರೆ ನೀರಿನಂಶ ಬೇಕು. ಚರ್ಮ ಒಣಗಿತೋ, ಕಿಣ್ವಗಳು ಸೋಮಾರಿಯಾಗುತ್ತವೆ, ಸತ್ತ ಕೋಶಗಳು ಉದುರದೆ ಅಲ್ಲಲ್ಲೇ ಅಂಟಿಕೊಂಡು ಬೂದಿ ಬಳಿದ ಹಾಗೆ ಕಾಣುತ್ತದೆ.

ನಾವು ಮಾಡುವ ಮೊದಲ ತಪ್ಪು ಇಲ್ಲೇ ಇದೆ. ಮುಖ ಮಂಕಾಗಿದೆ ಎಂದ ಕೂಡಲೇ ಉಜ್ಜುತ್ತೇವೆ. ಸಕ್ಕರೆ, ರವೆ, ಕಾಫಿಪುಡಿ, ಹೀರೇಕಾಯಿ ನಾರು, ನೈಲಾನ್ ಜಾಲರಿ, ಕೈಗೆ ಸಿಕ್ಕಿದ್ದರಲ್ಲಿ. ಉಜ್ಜಿದ ಅರ್ಧ ಗಂಟೆ ಮುಖ ನುಣುಪು, ನಿಜ. ಆದರೆ ಕಂದುಬಣ್ಣದ ಚರ್ಮಕ್ಕೆ ಒಂದು ಸ್ವಭಾವವಿದೆ: ಗಾಯ, ಉರಿ, ತಿಕ್ಕಾಟ ಯಾವುದೇ ಆದರೂ ಅದು ಕೊಡುವ ಉತ್ತರ ಮೆಲನಿನ್. ತಿಂಗಳುಗಟ್ಟಲೆ ಕೆನ್ನೆಯ ಮೂಳೆ, ಹಣೆ, ಕತ್ತನ್ನು ಉಜ್ಜಿದವರಲ್ಲಿ ಅದೇ ಜಾಗ ಕಪ್ಪಾಗುತ್ತದೆ. ಕಪ್ಪಾಯಿತೆಂದು ಇನ್ನಷ್ಟು ಉಜ್ಜುತ್ತಾರೆ. ನಮ್ಮ ದೇಶದ ಚರ್ಮವೈದ್ಯರಿಗೆ ಇದು ಎಷ್ಟು ಪರಿಚಿತವೆಂದರೆ ಇದಕ್ಕೆ ಫ್ರಿಕ್ಷನ್ ಮೆಲನೋಸಿಸ್ ಎಂಬ ಹೆಸರೇ ಇದೆ. ನಾರು ಇರುವುದು ಹಿಮ್ಮಡಿಗೆ. ಮುಖದ ಹತ್ತಿರ ಅದನ್ನು ತರಬೇಡಿ.

ಇನ್ನು ಸೋಪು. ಚರ್ಮದ ಮೇಲ್ಮೈ ಸ್ವಲ್ಪ ಹುಳಿ, ಪಿಎಚ್ ಸುಮಾರು 5. ಸಾಮಾನ್ಯ ಸೋಪಿನದು 9ರಿಂದ 10, ಅಂದರೆ ಸಾಕಷ್ಟು ಕ್ಷಾರ. ಮೈಸೂರು ಸ್ಯಾಂಡಲ್ ಸೋಪಿನ ಪರಿಮಳಕ್ಕೆ ಸೋಲದ ಕನ್ನಡಿಗರಿಲ್ಲ, ನಾನೂ ಸೋತವಳೇ. ಆದರೆ ಯಾವ ಕಂಪನಿಯದ್ದೇ ಆಗಲಿ, ಸ್ನಾನದ ಸೋಪನ್ನು ಮೈಗೆ ಇಟ್ಟುಕೊಂಡು ಒಣಮುಖದವರು ಮುಖಕ್ಕೆ ಮೃದುವಾದ ಫೇಸ್‌ವಾಶ್ ಬಳಸುವುದು ಒಳ್ಳೆಯದು. ಬೋರ್‌ವೆಲ್ಲಿನ ಗಡಸು ನೀರು, ಹಂಡೆಯ ಸುಡುಸುಡು ನೀರು, ದಿನಕ್ಕೆ ನಾಲ್ಕು ಸಲ ಮುಖ ತೊಳೆಯುವ ಅಭ್ಯಾಸ ಮೂರೂ ಸೇರಿದರೆ ಚರ್ಮದ ಸ್ವಂತ ಜಿಡ್ಡು ಉಳಿಯುವುದಿಲ್ಲ. ಡಿಸೆಂಬರ್–ಜನವರಿಯ ಧಾರವಾಡದ ಒಣಗಾಳಿಯಲ್ಲಿ ತುಟಿ ಒಡೆಯುವುದೂ, ವರ್ಷವಿಡೀ ಬೆಂಗಳೂರಿನ ಎಸಿ ಕೋಣೆಯಲ್ಲಿ ಕೂತವರ ಮುಖ ಬಿಗಿಯುವುದೂ ಒಂದೇ ಜಾತಿಯ ತೊಂದರೆ, ನೀರು ಆವಿಯಾಗಿ ಹೋಗುವುದು. ಮುಖ ತೊಳೆದ ಎರಡು ಮೂರು ನಿಮಿಷದೊಳಗೆ, ಇನ್ನೂ ತೇವ ಇರುವಾಗಲೇ, ಮಾಯಿಶ್ಚರೈಸರ್ ಹಚ್ಚಿ. ಗ್ಲಿಸರಿನ್ ಇರುವ ಯಾವುದೇ ಸಾದಾ ಕ್ರೀಮ್ ಸಾಕು. ತೀರಾ ಒಣಚರ್ಮದವರಿಗೆ ರಾತ್ರಿ ಹೊತ್ತು ತೆಳ್ಳಗೆ ಪೆಟ್ರೋಲಿಯಂ ಜೆಲ್ಲಿ. ರಾಬರ್ಟ್ ಚೀಸ್‌ಬ್ರೋ 1872ರಲ್ಲಿ ಪೇಟೆಂಟ್ ಪಡೆದ ಈ ಅಗ್ಗದ ವಸ್ತುವಿನಷ್ಟು ಚೆನ್ನಾಗಿ ನೀರನ್ನು ಹಿಡಿದಿಡುವ ದುಬಾರಿ ಕ್ರೀಮನ್ನು ನಾನಂತೂ ಕಂಡಿಲ್ಲ. ಮೊಡವೆ ಇರುವವರು ಮಾತ್ರ ಜೆಲ್ ಮಾದರಿಯದ್ದನ್ನು ಹುಡುಕಬೇಕು.

ಅಡುಗೆಮನೆ ಮದ್ದುಗಳನ್ನೆಲ್ಲ ನಾನು ತಳ್ಳಿಹಾಕುವವಳಲ್ಲ. ಕಡಲೆಹಿಟ್ಟು ಎಣ್ಣೆ ತೆಗೆಯಲು ಒಳ್ಳೆಯದು, ಉಜ್ಜದೆ ತೊಳೆದರೆ. ಮೊಸರಿನಲ್ಲಿ ಲ್ಯಾಕ್ಟಿಕ್ ಆಮ್ಲವಿದೆ, ಪ್ರಮಾಣ ಕಡಿಮೆ, ಹಾಗಾಗಿ ಲಾಭವೂ ಹಾನಿಯೂ ಅಷ್ಟಕ್ಕಷ್ಟೆ. ಅರಿಶಿನ ಬಹುತೇಕರಿಗೆ ತೊಂದರೆ ಕೊಡುವುದಿಲ್ಲ, ಕೆಲವರಿಗೆ ಅಲರ್ಜಿ ಮಾಡುತ್ತದೆ. ನಿಂಬೆರಸ ಮಾತ್ರ ಬೇಡವೇ ಬೇಡ. ಅದರ ಪಿಎಚ್ 2ರ ಆಸುಪಾಸು. ಸಾಲದೆಂಬಂತೆ ನಿಂಬೆಯ ಸಿಪ್ಪೆ ಮತ್ತು ರಸದಲ್ಲಿರುವ ಫ್ಯುರೊಕೌಮರಿನ್ ಎಂಬ ರಾಸಾಯನಿಕ ಚರ್ಮದ ಮೇಲಿರುವಾಗ ಬಿಸಿಲು ಬಿದ್ದರೆ ಸುಟ್ಟ ಗುಳ್ಳೆ ಏಳುತ್ತದೆ, ಗುಳ್ಳೆ ಹೋದ ಮೇಲೆ ಕಂದುಕಲೆ ತಿಂಗಳುಗಟ್ಟಲೆ ಕೂರುತ್ತದೆ. ನಿಂಬೆಗೆ ಅಡಿಗೆ ಸೋಡಾ ಸೇರಿಸಿ ತೋರಿಸುವ ವಿಡಿಯೊಗಳನ್ನು ನೋಡಿದಾಗ, ಇದನ್ನು ಮಾಡಿದವರಿಗೆ ಮುಖ ಅನ್ನುವುದು ಸಿಂಕಿಗಿಂತ ಬೇರೆ ಅನ್ನಿಸಿದ್ದೇ ಇಲ್ಲವೇನೋ ಅನ್ನಿಸುತ್ತದೆ.

ಬ್ಯೂಟಿಪಾರ್ಲರಿನ ಬ್ಲೀಚ್ ಬಗ್ಗೆ ಒಂದೇ ಮಾತು. ಅದು ಬೆಳ್ಳಗೆ ಮಾಡುವುದು ಮುಖದ ಮೇಲಿನ ನವಿರು ಕೂದಲನ್ನು. ಫೇಶಿಯಲ್ಲಿನ ಮರುದಿನದ ಹೊಳಪಿಗೆ ಕಾರಣ ತೇವ ಮತ್ತು ಮಸಾಜಿನಿಂದ ಏರಿದ ರಕ್ತಸಂಚಾರ. ಅದು ಒಂದೆರಡು ದಿನದ ಸುಖ. ದುಡ್ಡು ಕೊಟ್ಟು ಒಂದು ಗಂಟೆ ಕಣ್ಣು ಮುಚ್ಚಿ ಮಲಗುವುದಕ್ಕೂ ಬೆಲೆ ಇದೆ, ಬೇಡ ಅನ್ನಲಾರೆ.

ಮೇಲ್ಮೈ ಆಯಿತು, ಇನ್ನು ಒಳಗಿನದು. ಕೆನ್ನೆಯ ಜೀವಕಳೆಯಲ್ಲಿ ರಕ್ತದ ಪಾಲಿದೆ. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 15ರಿಂದ 49 ವಯಸ್ಸಿನ ಭಾರತೀಯ ಹೆಂಗಸರಲ್ಲಿ ಶೇ. 57 ಮಂದಿಗೆ ರಕ್ತಹೀನತೆ. ಕರ್ನಾಟಕದಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ. ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದರೆ ಒಳಭಾಗ ಬಿಳಿಚಿಕೊಂಡಿದೆ, ಎರಡು ಮೆಟ್ಟಿಲು ಹತ್ತಿದರೆ ಏದುಸಿರು, ಆದರೂ ಮುಖದ ಮಂಕಿಗೆ ಸೀರಮ್ ಹುಡುಕುತ್ತಿರುತ್ತೇವೆ. ಹಿಮೊಗ್ಲೋಬಿನ್ ಪರೀಕ್ಷೆಗೆ ಆಗುವ ಖರ್ಚು ಒಂದು ಸೀರಮ್ ಬಾಟಲಿಗಿಂತ ಎಷ್ಟೋ ಕಡಿಮೆ, ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಮಾಡುತ್ತಾರೆ ಕೂಡ. ಥೈರಾಯ್ಡ್ ಕಡಿಮೆಯಾದವರ ಮುಖ ಊದಿಕೊಂಡು, ಒಣಗಿ, ಮಾಸಲಾಗುತ್ತದೆ. ಕತ್ತಿನ ಹಿಂಭಾಗ, ಕಂಕುಳು ವೆಲ್ವೆಟ್ಟಿನ ಹಾಗೆ ದಪ್ಪಗೆ ಕಪ್ಪಾಗಿದ್ದರೆ ಅದು ಕೊಳೆಯಲ್ಲ, ಬಹಳ ಸಲ ಇನ್ಸುಲಿನ್ ಸರಿಯಾಗಿ ಕೆಲಸ ಮಾಡುತ್ತಿಲ್ಲ ಎಂಬ ಸೂಚನೆ. ಮಕ್ಕಳ ಕತ್ತನ್ನು ಸೋಪು ಹಾಕಿ ಉಜ್ಜಿ ಉಜ್ಜಿ ಅಳಿಸುವ ತಾಯಂದಿರು ಒಮ್ಮೆ ಸಕ್ಕರೆ ಪರೀಕ್ಷೆ ಮಾಡಿಸಬೇಕು.

ನಿದ್ದೆಯ ವಿಷಯ ಅಜ್ಜಿಯ ಮಾತಿನಂತೆ ಕೇಳಿಸಬಹುದು, ಆದರೆ ಅದನ್ನು ಅಳೆದವರೂ ಇದ್ದಾರೆ. ಸ್ವೀಡನ್ನಿನ ಸಂಶೋಧಕರು 23 ಜನರ ಫೋಟೊಗಳನ್ನು ಎರಡು ಸಲ ತೆಗೆದರು. ಒಮ್ಮೆ ರಾತ್ರಿ ಚೆನ್ನಾಗಿ ನಿದ್ದೆ ಮಾಡಿದ ಮೇಲೆ, ಇನ್ನೊಮ್ಮೆ 31 ಗಂಟೆ ಎಚ್ಚರವಿದ್ದ ಮೇಲೆ. ಬೆಳಕು, ಕ್ಯಾಮೆರಾ ದೂರ ಎಲ್ಲ ಒಂದೇ. ಇದೇನೂ ಗೊತ್ತಿಲ್ಲದ 65 ಜನರಿಗೆ ಆ ಫೋಟೊ ತೋರಿಸಿದಾಗ, ನಿದ್ದೆಗೆಟ್ಟ ಮುಖಗಳಿಗೆ ಆರೋಗ್ಯದಲ್ಲೂ ಚೆಲುವಿನಲ್ಲೂ ಕಡಿಮೆ ಅಂಕ ಬಿತ್ತು. 2010ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್ ಇದನ್ನು ಪ್ರಕಟಿಸಿತು. ರಾತ್ರಿ ಪಾಳಿಯ ಹುಡುಗಿಯರು ಇದನ್ನು ಓದಿ ನಗಬಹುದು, ಅವರಿಗೆ ಈ ಸಂಶೋಧನೆಯ ಅಗತ್ಯವೇ ಇರಲಿಲ್ಲ.

ಬಿಸಿಲಿಗೆ ಬರೋಣ. 2012ರಲ್ಲಿ ಅಮೆರಿಕದ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್ ಒಬ್ಬ ಟ್ರಕ್ ಚಾಲಕನ ಚಿತ್ರ ಪ್ರಕಟಿಸಿತ್ತು. 69 ವರ್ಷದ ಆತ 28 ವರ್ಷ ಹಾಲಿನ ಟ್ರಕ್ ಓಡಿಸಿದವನು. ಅಲ್ಲಿ ಚಾಲಕ ಕೂರುವುದು ಎಡಕ್ಕೆ. ಮುಖದ ಬಲಭಾಗ ವಯಸ್ಸಿಗೆ ತಕ್ಕಂತೆ, ಕಿಟಕಿಯ ಕಡೆಗಿದ್ದ ಎಡಭಾಗ ಮಾತ್ರ ದಪ್ಪ ಮಡಿಕೆಗಳಾಗಿ ಜೋತುಬಿದ್ದಿತ್ತು. ಕಿಟಕಿಯ ಗಾಜು ಸುಡುವ ಯುವಿ–ಬಿ ಕಿರಣಗಳನ್ನು ಬಹುಮಟ್ಟಿಗೆ ತಡೆಯುತ್ತದೆ, ಆಳಕ್ಕಿಳಿದು ಚರ್ಮವನ್ನು ಮುದಿಯಾಗಿಸುವ ಯುವಿ–ಎ ಕಿರಣಗಳನ್ನು ತಡೆಯುವುದಿಲ್ಲ. ಮನೆಯೊಳಗೆ ಕಿಟಕಿ ಪಕ್ಕ ಕೂತು ಕೆಲಸ ಮಾಡುವವರಿಗೂ ಇದು ಅನ್ವಯ. ಬೆಂಗಳೂರಿನ ಹವೆ ತಂಪು ಎಂದು ಸನ್‌ಸ್ಕ್ರೀನ್ ಬೇಡವೆನ್ನುವವರಿದ್ದಾರೆ. ತಂಪಿಗೂ ಯುವಿಗೂ ಸಂಬಂಧವಿಲ್ಲ. ಸಮುದ್ರಮಟ್ಟದಿಂದ 900 ಮೀಟರ್ ಎತ್ತರದ ಈ ಊರಿನಲ್ಲಿ ಮಾರ್ಚ್–ಏಪ್ರಿಲ್ ಮಧ್ಯಾಹ್ನದ ಯುವಿ ಸೂಚ್ಯಂಕ ಅತಿ ಅಪಾಯದ ಮಟ್ಟಕ್ಕೇ ಏರುತ್ತದೆ.

ಎಸ್‌ಪಿಎಫ್ 30 ಇರುವ ಸನ್‌ಸ್ಕ್ರೀನ್ ಯುವಿ–ಬಿಯ ಶೇ. 97ರಷ್ಟನ್ನು ತಡೆಯುತ್ತದೆ, 50 ಇದ್ದರೆ ಶೇ. 98. ಆ ಒಂದು ಅಂಕಕ್ಕಾಗಿ ದುಪ್ಪಟ್ಟು ಬೆಲೆ ಕೊಡುವ ಬದಲು ಬೇಕಾದಷ್ಟು ಹಚ್ಚುವುದು ಜಾಣತನ. ತೋರುಬೆರಳು ಮತ್ತು ನಡುಬೆರಳಿನ ಉದ್ದಕ್ಕೆ ಎರಡು ಗೆರೆ ಹಾಕಿದಷ್ಟು, ಮುಖ ಮತ್ತು ಕತ್ತಿಗೆ. ಬಟಾಣಿಯಷ್ಟು ಹಚ್ಚಿದರೆ ಡಬ್ಬಿ ಮೇಲೆ ಬರೆದ ಸಂಖ್ಯೆಯ ರಕ್ಷಣೆ ಸಿಗುವುದಿಲ್ಲ. ಕೆನ್ನೆಯ ಮೇಲೆ ಬಂಗು ಇರುವವರಿಗೆ ಕಣ್ಣಿಗೆ ಕಾಣುವ ಬೆಳಕೂ ಶತ್ರು. ಅದನ್ನು ತಡೆಯುವುದು ಐರನ್ ಆಕ್ಸೈಡ್ ಬೆರೆಸಿದ, ಚರ್ಮದ ಬಣ್ಣದ ಸನ್‌ಸ್ಕ್ರೀನುಗಳು. ಮುಖಕ್ಕೆ ಸುಣ್ಣ ಬಳಿದಂತಾಗುವ ಕಿರಿಕಿರಿಯೂ ಇವುಗಳಲ್ಲಿ ಇಲ್ಲ. ಹೊಲದಲ್ಲಿ, ರಸ್ತೆಬದಿಯಲ್ಲಿ ದುಡಿಯುವವರಿಗೆ ಎರಡು ಗಂಟೆಗೊಮ್ಮೆ ಕ್ರೀಮ್ ಹಚ್ಚಿ ಎನ್ನುವುದು ಅರ್ಥವಿಲ್ಲದ ಉಪದೇಶ. ಅವರಿಗೆ ಅಗಲ ಅಂಚಿನ ಟೋಪಿ, ತಲೆವಸ್ತ್ರ, ಸೆರಗು, ಕೊಡೆಗಳೇ ಮೇಲು.

ಸೌಮ್ಯವಾಗಿ ತೊಳೆಯುವುದು, ತೇವ, ಬಿಸಿಲಿನ ತಡೆ ಇಷ್ಟನ್ನು ಒಂದೂವರೆ ತಿಂಗಳು ತಪ್ಪದೆ ಮಾಡಿದ ಮೇಲೂ ಮಂಕು ಉಳಿದರೆ ಮಾತ್ರ ಔಷಧಗುಣದ ವಸ್ತುಗಳ ಕಡೆ ಕೈಹಾಕಬೇಕು, ಅದೂ ಒಂದೊಂದಾಗಿ. ಯುಜೀನ್ ವಾನ್ ಸ್ಕಾಟ್ ಮತ್ತು ರೂಯಿ ಯೂ ಎಂಬಿಬ್ಬರು 1974ರಲ್ಲಿ, ಮೀನಿನ ಹುರುಪೆಯಂತೆ ಚರ್ಮ ಗಟ್ಟಿಯಾಗುವ ಕಾಯಿಲೆಗೆ ಹಣ್ಣಿನ ಆಮ್ಲಗಳ ಜಾತಿಯ ರಾಸಾಯನಿಕಗಳು ಕೆಲಸ ಮಾಡುತ್ತವೆಂದು ತೋರಿಸಿದರು. ಇಂದು ಮಾರುವ ಗ್ಲೈಕಾಲಿಕ್, ಲ್ಯಾಕ್ಟಿಕ್ ಆಮ್ಲದ ಸೀರಮ್ಮುಗಳ ಮೂಲ ಅದೇ. ಉಜ್ಜದೆಯೇ ಸತ್ತ ಕೋಶಗಳ ಹಿಡಿತ ಸಡಿಲಿಸುತ್ತವೆ. ವಾರಕ್ಕೆರಡು ರಾತ್ರಿ ಸಾಕು, ಉರಿ ಬಂದರೆ ನಿಲ್ಲಿಸಿ. ನಯಾಸಿನಮೈಡ್ ಎಂಬ ಬಿ3 ವಿಟಮಿನ್ ಅತಿ ಸೌಮ್ಯ, ಶೇ. 5ಕ್ಕಿಂತ ಹೆಚ್ಚಿನದ್ದರ ಹಿಂದೆ ಓಡಬೇಕಿಲ್ಲ. ವಿಟಮಿನ್ ಸಿ ಸೀರಮ್ ಒಳ್ಳೆಯದೇ, ಆದರೆ ಗಾಳಿ ಬೆಳಕಿಗೆ ಬೇಗ ಕೆಡುತ್ತದೆ. ಬಾಟಲಿಯಲ್ಲಿ ಕಾಫಿ ಡಿಕಾಕ್ಷನ್ನಿನ ಬಣ್ಣಕ್ಕೆ ತಿರುಗಿದ್ದರೆ ಬಿಸಾಡಿ. ರೆಟಿನಾಲ್ ಜಾತಿಯವು ಇವೆಲ್ಲಕ್ಕಿಂತ ಬಲವಾದವು, ಬಸುರಿಯರಿಗೆ ಮತ್ತು ಬಸುರಾಗಲು ಯೋಚಿಸುತ್ತಿರುವವರಿಗೆ ಸಲ್ಲ.

ಈಗ ಕೌಂಟರಿನ ಟ್ಯೂಬು.

1975ರಲ್ಲಿ ಎರಡು ಸಂಗತಿ ನಡೆದವು. ಭಾರತದಲ್ಲಿ ಫೇರ್ ಅಂಡ್ ಲವ್ಲಿ ಮಾರುಕಟ್ಟೆಗೆ ಬಂತು. ಅಮೆರಿಕದಲ್ಲಿ ಆಲ್ಬರ್ಟ್ ಕ್ಲಿಗ್‌ಮನ್ ಎಂಬ ಚರ್ಮವೈದ್ಯ ಮತ್ತು ಅವರ ಸಹೋದ್ಯೋಗಿ, ಕಲೆ ತಿಳಿಯಾಗಿಸಲು ಮೂರು ಔಷಧ ಬೆರೆಸಿದ ಸೂತ್ರವೊಂದನ್ನು ಪ್ರಕಟಿಸಿದರು: ಹೈಡ್ರೋಕ್ವಿನೋನ್, ಟ್ರೆಟಿನಾಯಿನ್, ಜೊತೆಗೆ ಒಂದು ಸ್ಟೀರಾಯ್ಡ್. ಮೊದಲಿನದ್ದು 2020ರಲ್ಲಿ ಗ್ಲೋ ಅಂಡ್ ಲವ್ಲಿ ಎಂದು ಹೆಸರು ಬದಲಿಸಿಕೊಂಡು ಟೀಕೆಯಿಂದ ಅಷ್ಟಿಷ್ಟು ಪಾರಾಯಿತು. ಎರಡನೆಯದರ ಕಥೆ ಹೆಚ್ಚು ಕೆಟ್ಟದು. ವೈದ್ಯರ ಕಣ್ಗಾವಲಿನಲ್ಲಿ ಕೆಲವೇ ವಾರ, ಬಂಗಿನ ಕಲೆಯ ಮೇಲಷ್ಟೇ ಬಳಸಬೇಕಾದ ಆ ಮಾದರಿಯ ಕ್ರೀಮು ನಮ್ಮಲ್ಲಿ ಊರೂರಿನ ಅಂಗಡಿಗಳಲ್ಲಿ 'ಬೆಳ್ಳಗಾಗುವ ಕ್ರೀಮ್' ಆಗಿ ಇಡೀ ಮುಖಕ್ಕೆ ವರ್ಷಗಟ್ಟಲೆ ಮೆತ್ತಿಸಿಕೊಂಡಿತು. ಅಕ್ಕ ಹಚ್ಚಿದ್ದನ್ನು ತಂಗಿ, ರೂಮ್‌ಮೇಟ್ ಹಚ್ಚಿದ್ದನ್ನು ಇಡೀ ಹಾಸ್ಟೆಲ್.

ಮೊದಲ ಎರಡು ಮೂರು ವಾರ ಈ ಟ್ಯೂಬಿನಷ್ಟು ಚೆನ್ನಾಗಿ ಕೆಲಸ ಮಾಡುವುದು ಜಗತ್ತಿನಲ್ಲೇ ಇಲ್ಲ. ಸ್ಟೀರಾಯ್ಡ್ ರಕ್ತನಾಳಗಳನ್ನು ಕುಗ್ಗಿಸಿ ಮುಖವನ್ನು ಬಿಳಿಚಿಸುತ್ತದೆ, ಮೊಡವೆಯ ಕೆಂಪನ್ನು ಅಡಗಿಸುತ್ತದೆ, ಮೆಲನಿನ್ ತಯಾರಿಯನ್ನು ತಗ್ಗಿಸುತ್ತದೆ. ಎಲ್ಲರೂ "ಏನು ಹಚ್ತೀಯ?" ಅಂತ ಕೇಳುತ್ತಾರೆ. ಆಮೇಲೆ ಚರ್ಮ ತೆಳುವಾಗತೊಡಗುತ್ತದೆ. ಕೆನ್ನೆ ಮೇಲೆ ಕೆಂಪು ನರಗಳ ಬಲೆ, ಒಂದೇ ಅಳತೆಯ ಮೊಡವೆಗಳ ಹಿಂಡು, ಗಲ್ಲದ ಮೇಲೆ ಕೂದಲು, ಬಿಸಿಲಿಗೆ ಹೋದರೆ, ಒಲೆ ಮುಂದೆ ನಿಂತರೆ ಉರಿ. ಹೆದರಿ ನಿಲ್ಲಿಸಿದರೆ ಎರಡೇ ದಿನಕ್ಕೆ ಮುಖ ಕೆಂಪೇರಿ ಊದಿಕೊಳ್ಳುತ್ತದೆ, ಮತ್ತೆ ಹಚ್ಚಿದರೆ ತಣ್ಣಗಾಗುತ್ತದೆ. ಇದು ಅಕ್ಷರಶಃ ಚಟ. ನಮ್ಮ ಚರ್ಮವೈದ್ಯರು ಇದಕ್ಕೆ 'ಟಾಪಿಕಲ್ ಸ್ಟೀರಾಯ್ಡ್ ಡ್ಯಾಮೇಜ್ಡ್ ಫೇಸ್' ಎಂದು ಹೆಸರಿಟ್ಟಿದ್ದಾರೆ. 2018ರಲ್ಲಿ ಕೇಂದ್ರ ಸರ್ಕಾರ 14 ಸ್ಟೀರಾಯ್ಡ್ ಕ್ರೀಮುಗಳನ್ನು ಚೀಟಿ ಇಲ್ಲದೆ ಮಾರಬಾರದೆಂದು ಆದೇಶಿಸಿತು. ಆದೇಶ ಇದೆ, ಟ್ಯೂಬೂ ಸಿಗುತ್ತದೆ.

ಮನೆಯಲ್ಲಿರುವ ಟ್ಯೂಬನ್ನು ತಿರುಗಿಸಿ ಸಣ್ಣಕ್ಷರ ಓದಿ. ಬೆಟಾಮೆಥಾಸೋನ್, ಮೊಮೆಟಾಸೋನ್, ಡೆಕ್ಸಾಮೆಥಾಸೋನ್, ಕ್ಲೊಬೆಟಾಸಾಲ್, ಫ್ಲುವೊಸಿನೊಲೋನ್ ಇವುಗಳಲ್ಲಿ ಯಾವುದೇ ಹೆಸರು ಕಂಡರೂ ಅದು ಸ್ಟೀರಾಯ್ಡ್. ಪಕ್ಕದಲ್ಲಿ ಕೆಂಪು ಗೆರೆ, ಆರ್‌ಎಕ್ಸ್ ಗುರುತು ಇದ್ದರೆ ಅದು ವೈದ್ಯರು ಬರೆದುಕೊಟ್ಟರೆ ಮಾತ್ರ ಕೊಳ್ಳುವ ಔಷಧ. ಯಾವ ವಿವರವೂ ಇಲ್ಲದ, ತಯಾರಕರ ವಿಳಾಸವಿಲ್ಲದ, ಪರದೇಶದ ಡಬ್ಬಿಗಳು ಇದಕ್ಕಿಂತ ಅಪಾಯ. ಅವುಗಳಲ್ಲಿ ಎಷ್ಟೋ ಸಲ ಪಾದರಸ ಇರುತ್ತದೆ. ಕೇರಳದ ಮಲಪ್ಪುರಂ ಜಿಲ್ಲೆಯ ಕೋಟ್ಟಕ್ಕಲ್‌ನಲ್ಲಿ 2021ರಿಂದ 2023ರ ನಡುವೆ ಒಂದೇ ಬಗೆಯ ಮೂತ್ರಪಿಂಡದ ಕಾಯಿಲೆಯ 22 ರೋಗಿಗಳನ್ನು ವೈದ್ಯರು ಅಭ್ಯಾಸ ಮಾಡಿದರು. ಅವರಲ್ಲಿ 15 ಮಂದಿಗೆ ಕಾಯಿಲೆಯ ಅಪರೂಪದ ಒಂದು ರೂಪವಿತ್ತು, ಆ 15ರಲ್ಲಿ 13 ಮಂದಿ ಬಿಳುಪಿನ ಕ್ರೀಮ್ ಬಳಸಿದವರು. ಮುಖಕ್ಕೆ ಹಚ್ಚಿದ್ದು ಮೂತ್ರದಲ್ಲಿ ಪ್ರೋಟೀನಾಗಿ ಸೋರಿತ್ತು. ಬಿಳುಪಿಗೆಂದು ರಕ್ತನಾಳಕ್ಕೆ ಚುಚ್ಚುವ ಗ್ಲುಟಾಥಿಯೋನ್ ಡ್ರಿಪ್ಪುಗಳ ಹುಚ್ಚನ್ನೂ ಇದೇ ಸಾಲಿಗೆ ಸೇರಿಸುತ್ತೇನೆ.

ನಿಮ್ಮ ಮನೆಯ ಟ್ಯೂಬಿನಲ್ಲಿ ಮೇಲಿನ ಹೆಸರುಗಳಲ್ಲೊಂದು ಸಿಕ್ಕಿತು, ತಿಂಗಳುಗಳಿಂದ ಹಚ್ಚುತ್ತಿದ್ದೀರಿ ಎಂದಾದರೆ ಗಾಬರಿಯಲ್ಲಿ ಇವತ್ತೇ ಎಸೆಯಬೇಡಿ. ಒಮ್ಮೆಲೇ ಬಿಟ್ಟರೆ ಮುಖ ಕೆರಳುವುದರಿಂದ ಹೆಚ್ಚಿನವರು ಹೆದರಿ ಮತ್ತೆ ಅದಕ್ಕೇ ಮರಳುತ್ತಾರೆ. ಜಿಲ್ಲಾಸ್ಪತ್ರೆಯ ಚರ್ಮರೋಗ ವಿಭಾಗಕ್ಕೋ ಹತ್ತಿರದ ಚರ್ಮವೈದ್ಯರಲ್ಲಿಗೋ ಹೋಗಿ. ಹಂತಹಂತವಾಗಿ ಬಿಡಿಸುತ್ತಾರೆ, ಕೆಲವು ತಿಂಗಳು ಹಿಡಿಯುತ್ತದೆ. ಹೋಗುವಾಗ "ಹಳದಿ ಬಣ್ಣದ್ದು" ಎಂದೆಲ್ಲ ವಿವರಿಸುವ ಬದಲು ಆ ಟ್ಯೂಬನ್ನೇ ಚೀಲದಲ್ಲಿ ಹಾಕಿಕೊಂಡು ಹೋಗಿ, ನಾಚಿಕೆ ಬೇಡ.